ಗದಗ ಜಿಲ್ಲೆಯ ನಕ್ಷೆ ಮಕ್ಕಳಿಗೆ ಓದಲು ಬರಬೇಕು, ಹೇಗೆ ಮಾಡಲಿ?

ಪ್ರಶ್ನೆ, ಗದಗದಿಂದ: ನಮ್ಮ ಶಾಲೆಯ ಗೋಡೆಗೆ ಜಿಲ್ಲೆಯ ಜನಸಂಖ್ಯೆ ತೋರಿಸುವ ನಕ್ಷೆಯನ್ನು ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ ಮಾಡುತ್ತಿದ್ದೇನೆ. 2011ರ ಜನಗಣತಿಯ ಅಂಕಿ ಜೋಡಿಸಿದರೆ ಎರಡು ತಾಲ್ಲೂಕು ಖಾಲಿ ಬರುತ್ತಿವೆ. ಊರಿನ ಹೆಸರುಗಳು ಒಂದರ ಮೇಲೊಂದು ಕೂತಿವೆ. ಮಾಡಿ ಗೊತ್ತಿರುವವರು ಹೇಳಿ.

ಧಾರವಾಡದಿಂದ: ಖಾಲಿ ಇರುವುದು ಗಜೇಂದ್ರಗಡ, ಲಕ್ಷ್ಮೇಶ್ವರ ಅಲ್ವಾ ಸರ್? 2011ರಲ್ಲಿ ಜಿಲ್ಲೆಗೆ ಐದೇ ತಾಲ್ಲೂಕು. ಗಜೇಂದ್ರಗಡ ರೋಣದಲ್ಲಿತ್ತು, ಲಕ್ಷ್ಮೇಶ್ವರ ಶಿರಹಟ್ಟಿಯಲ್ಲಿತ್ತು. ನಿಮ್ಮ ಗಡಿ ಹೊಸದು, ಅಂಕಿ ಹಳೆಯದು. ದಯವಿಟ್ಟು ಅಂದಾಜಿಗೆ ಅರ್ಧರ್ಧ ಹಂಚಬೇಡಿ. ಜನಗಣತಿಯಲ್ಲಿ ಹಳ್ಳಿವಾರು ಅಂಕಿ ಸಿಗುತ್ತದೆ. ಯಾವ ಹಳ್ಳಿ ಯಾವ ತಾಲ್ಲೂಕಿಗೆ ಹೋಗಿದೆ ಅಂತ ನೋಡಿ ಕೂಡಿಸಬಹುದು. ಅಷ್ಟು ಪುರುಸೊತ್ತಿಲ್ಲ ಅಂದ್ರೆ ಹಳೆಯ ಐದು ತಾಲ್ಲೂಕಿನ ಗಡಿಯನ್ನೇ ಬಳಸಿ, ತಲೆಬರಹದಲ್ಲೇ ‘2011’ ಅಂತ ದಪ್ಪಗೆ ಬರೆಯಿರಿ.

ಇನ್ನೊಂದು. ಒಟ್ಟು ಜನಸಂಖ್ಯೆಗೆ ಬಣ್ಣ ತುಂಬಬೇಡಿ. ದೊಡ್ಡ ತಾಲ್ಲೂಕಿನಲ್ಲಿ ಜನ ಜಾಸ್ತಿ ಇದ್ದರೆ ಅದರಲ್ಲಿ ಹೊಸದೇನಿದೆ? ಚದರ ಕಿಲೋಮೀಟರಿಗೆ ಎಷ್ಟು ಜನ ಅನ್ನುವುದಕ್ಕೆ ತುಂಬಿ. ವಿಸ್ತೀರ್ಣ ಅಳೆಯಲು ನಕ್ಷೆಯನ್ನು ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಚಪ್ಪಟೆ ನಕ್ಷೆಗೆ ತರುವ ಪದ್ಧತಿ) 43 ಉತ್ತರ ವಲಯಕ್ಕೆ ಹಾಕಿಕೊಳ್ಳಿ, ತಂತ್ರಾಂಶದಲ್ಲಿ ಅದರ ಸಂಕೇತ ಇಪಿಎಸ್‌ಜಿ 32643. ಧಾರವಾಡ, ಗದಗ, ಹಾವೇರಿ ಮೂರೂ ಅದರೊಳಗೇ ಬರುತ್ತವೆ, ಅಳತೆ ಮೀಟರಿನಲ್ಲಿ ಸಿಗುತ್ತದೆ.

ಹುಬ್ಬಳ್ಳಿಯಿಂದ: ಹಳ್ಳಿಗಳ ಹೆಸರು ಪೂರ್ತಿ ತೆಗೆಯಿರಿ. ತಾಲ್ಲೂಕು ಕೇಂದ್ರಗಳಷ್ಟೇ ಸಾಕು. ಅಕ್ಷರದ ಸುತ್ತ ತೆಳುವಾಗಿ ಬಿಳಿ ಅಂಚು ಕೊಡಿ, ಲೇಬಲ್ ಸೆಟ್ಟಿಂಗ್‌ನಲ್ಲಿ ‘ಬಫರ್’ ಅಂತ ಇದೆ. ಹಳೆಯ ‘ನುಡಿ’ (ಕನ್ನಡ ಟೈಪಿಂಗ್ ತಂತ್ರಾಂಶ) ಕಡತದಿಂದ ಹೆಸರು ತಂದಿದ್ದರೆ ಮೊದಲು ಯುನಿಕೋಡ್‌ಗೆ ಬದಲಿಸಿ, ಇಲ್ಲದಿದ್ದರೆ ಅಕ್ಷರ ಚೆಲ್ಲಾಪಿಲ್ಲಿ ಆಗುತ್ತವೆ. ಫಾಂಟ್‌ಗೆ ನೋಟೋ ಸಾನ್ಸ್ ಕನ್ನಡ ಚೆನ್ನಾಗಿದೆ. ಬಣ್ಣ ಒಂದೇ ಇರಲಿ, ತಿಳಿಯಿಂದ ಗಾಢಕ್ಕೆ. ಆಗ ಝೆರಾಕ್ಸ್ ಮಾಡಿದರೂ ವ್ಯತ್ಯಾಸ ಕಾಣುತ್ತದೆ. ಕೆಂಪು, ಹಸಿರು, ಹಳದಿ ಬೆರೆಸಿದರೆ ಯಾವುದು ಜಾಸ್ತಿ, ಯಾವುದು ಕಡಿಮೆ ಅಂತ ಮಗುವಿಗೆ ತಿಳಿಯುವುದಿಲ್ಲ. ಐದೇ ತಾಲ್ಲೂಕಾದರೆ ಅಂಕಿಯನ್ನೂ ಅಲ್ಲೇ ಬರೆದುಬಿಡಿ.

ಹಾವೇರಿಯಿಂದ: ಎಲ್ಲಾ ತೆಗೆಯಿರಿ ಅನ್ನುವುದಕ್ಕೆ ನಾನು ಪೂರ್ತಿ ಒಪ್ಪುವುದಿಲ್ಲ. ನರಗುಂದದ ಕಡೆ ಮಲಪ್ರಭಾ, ಮುಂಡರಗಿಯ ಕಡೆ ತುಂಗಭದ್ರಾ, ನಡುವೆ ಕಪ್ಪತಗುಡ್ಡ. ಇವನ್ನು ತೆಳುವಾಗಿ ಬಿಡಿ. ತಮ್ಮೂರು ಎಲ್ಲಿದೆ ಅಂತ ಮಕ್ಕಳು ಹುಡುಕುವುದೇ ಹೊಳೆ, ಗುಡ್ಡ ನೋಡಿ. ಕೊನೆಗೆ ಪಿಡಿಎಫ್ ಅನ್ನು 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ತೆಗೆದು, ಒಂದು ಪ್ರತಿ ಪ್ರಿಂಟ್ ಹಾಕಿಸಿ, ಹಿಂದಿನ ಬೆಂಚಿನಲ್ಲಿ ಕೂತು ಓದಿ ನೋಡಿ. ಆಮೇಲೆ ದೊಡ್ಡದು ಮಾಡಿಸಿ.