ನಿಮ್ಮಲ್ಲಿ ನೆಟ್ ಹೇಗಿದೆ?

"ಈ ತಿಂಗಳು ಮುಗಿಯಲಿ, ಕಂಪನಿಯನ್ನೇ ಬದಲಿಸಿಬಿಡುತ್ತೇನೆ" ಎಂದು ವಕೀಲರು ಘೋಷಿಸಿದಾಗ ನಮ್ಮಲ್ಲಿ ಯಾರೂ ಹುಬ್ಬೇರಿಸಲಿಲ್ಲ. ಅವರು ಇಂಟರ್‌ನೆಟ್ ಕಂಪನಿ ಬದಲಿಸುವುದು ಋತುಗಳಷ್ಟೇ ನಿಯಮಿತ. ಮೊದಲ ವಾರ ಹೊಗಳಿಕೆ, ಎರಡನೆಯ ವಾರ ಅನುಮಾನ, ಮೂರನೆಯ ವಾರ ಲಾಯರ್ ನೋಟಿಸು.

ನಾವು ಆರು ಮಂದಿ ಹಳೆಯ ಗೆಳೆಯರು ವಾರಕ್ಕೊಂದು ರಾತ್ರಿ ಕಂಪ್ಯೂಟರ್ ಪರದೆಯ ಮೇಲೆ ಸೇರುತ್ತೇವೆ. ಜಗತ್ತಿನ ಸಮಸ್ಯೆಗಳನ್ನೆಲ್ಲ ಬಗೆಹರಿಸುವುದು ಘನ ಉದ್ದೇಶ. ಅದರಲ್ಲಿ ಅರ್ಧ ಹೊತ್ತು "ನಾನು ಕಾಣಿಸುತ್ತಿದ್ದೇನೆಯೇ?" ಎಂಬ ಪ್ರಶ್ನೆಗೇ ಖರ್ಚಾಗುತ್ತದೆ. ಕವಿಯೊಬ್ಬನಿಗೆ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲ, ಮೊಬೈಲ್ ಡೇಟಾದಲ್ಲೇ ಬರುತ್ತಾನೆ. ಆದಕಾರಣ ಈ ವ್ಯಾಜ್ಯದಲ್ಲಿ ಅವನು ಕಕ್ಷಿದಾರನೇ ಅಲ್ಲ ಎಂಬುದು ವಕೀಲರ ನಿಲುವು. ಅವನಿಗೂ ಅದರ ಚಿಂತೆಯಿಲ್ಲ. ಹೊಸ ಕವನವೊಂದನ್ನು ಓದಲು ಅವನು ಬಹಳ ಕಾಲದಿಂದ ಹೊಂಚು ಹಾಕುತ್ತಿದ್ದಾನೆ. ಅವನು ಹಾಳೆ ಬಿಡಿಸಿದ ತಕ್ಷಣ ಎಲ್ಲರ ಮನೆಯ ನೆಟ್ಟೂ ಏಕಕಾಲಕ್ಕೆ ಕೈಕೊಡುತ್ತದೆ. ತಂತ್ರಜ್ಞಾನ ಕೆಲವೊಮ್ಮೆ ಮನುಷ್ಯರ ಮನಸ್ಸನ್ನು ಅರಿತು ನಡೆಯುತ್ತದೆ.

"ನನ್ನದೂ ಅದೇ ಕಂಪನಿ, ಅದೇ ಪ್ಲಾನು, ನಿಮ್ಮ ಪಕ್ಕದ ಮನೆ. ನನಗೆ ಒಂದು ದಿನವೂ ತೊಂದರೆಯಾಗಿಲ್ಲವಲ್ಲ?" ಎಂದರು ಡಾಕ್ಟರಮ್ಮ. ವಕೀಲರ ಮುಖ ಕೆಂಪಾಯಿತು. ತನ್ನ ನೆಟ್ ನಿಧಾನವಾಗಿದೆ ಎಂಬ ದುಃಖವನ್ನು ಮನುಷ್ಯ ಸಹಿಸಬಲ್ಲ. ಪಕ್ಕದ ಮನೆಯಲ್ಲಿ ಅದೇ ನೆಟ್ ಚೆನ್ನಾಗಿದೆ ಎಂಬುದನ್ನು ಸಹಿಸಲಾರ.

ಇಂಜಿನಿಯರ್ ಇಂಥ ಗಳಿಗೆಗಾಗಿಯೇ ಬದುಕಿರುವವನು. ಕೇಬಲ್ಲುಗಳ ನಡುವೆ ತಲೆ ನರೆತಿದ್ದರೂ ಕೇಳದೆ ಸಲಹೆ ಕೊಡುವ ಹುಮ್ಮಸ್ಸು ಅವನಲ್ಲಿ ಕುಂದಿಲ್ಲ. ಗಂಟಲು ಸರಿಪಡಿಸಿಕೊಂಡು ಪಾಟೀ ಸವಾಲಿಗೆ ಇಳಿದ.

"ವಕೀಲರೇ, ರೂಟರನ್ನು ಎಲ್ಲಿಟ್ಟಿದ್ದೀರಿ?"

"ಸುರಕ್ಷಿತ ಸ್ಥಳದಲ್ಲಿ."

"ಅಂದರೆ?"

"ಕಬ್ಬಿಣದ ಬೀರುವಿನಲ್ಲಿ. ದೂಳು ಕೂರಬಾರದೆಂದು."

"ಬೀರುವಿನ ಬಾಗಿಲು?"

"ಮುಚ್ಚಿದೆ. ಬೀರುವಿಗೆ ಬಾಗಿಲು ಇಟ್ಟಿರುವುದೇ ಮುಚ್ಚುವುದಕ್ಕೆ."

ಇಂಜಿನಿಯರ್ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅವನ ನೆಟ್ ನಿಂತಿತೆಂದೇ ನಾವು ತಿಳಿದೆವು. ಆಮೇಲೆ ನಿಧಾನವಾಗಿ ವಿವರಿಸಿದ: ವೈಫೈ ಎಂಬುದು ರೇಡಿಯೊ ಅಲೆ, ಲೋಹದ ಪೆಟ್ಟಿಗೆ ಅದನ್ನು ತಡೆಯುತ್ತದೆ, ಸಂದಿಗೊಂದಿಯಲ್ಲಿ ನುಸುಳಿದಷ್ಟೇ ಹೊರಗೆ ಬರುತ್ತದೆ. "ಕಂಪನಿಯವರು ಬೀರುವಿನ ತನಕ ಸೆಕೆಂಡಿಗೆ ನೂರು ಮೆಗಾಬಿಟ್ ವೇಗದ ನೆಟ್ ತಂದು ಮುಟ್ಟಿಸಿದ್ದಾರೆ. ಅಲ್ಲಿಂದಾಚೆಗೆ ಅದನ್ನು ಅಕ್ರಮ ಬಂಧನದಲ್ಲಿ ಇಟ್ಟಿರುವವರು ತಾವು."

"ಜಾಮೀನಾದರೂ ಕೊಡಿ" ಎಂದ ಕವಿ.

ವಕೀಲರು ಸುಲಭವಾಗಿ ಸೋಲುವವರಲ್ಲ. ಬೀರುವಿನಿಂದ ತೆಗೆದರೂ ಮಲಗುವ ಕೋಣೆಗೆ ಮೂರು ಗೋಡೆ ದಾಟಬೇಕು, ಅದಕ್ಕೇನು ಪರಿಹಾರ ಎಂದು ಮರುಸವಾಲು ಹಾಕಿದರು. ಅಲ್ಲಿಗೆ ಇಂಜಿನಿಯರ್ ಗಿಗಾಹರ್ಟ್ಸ್ ಪುರಾಣ ಬಿಚ್ಚಿದ. ವೈಫೈ ಅಲೆ ಸಾಮಾನ್ಯವಾಗಿ ಕಂಪಿಸುವುದು 2.4 ಇಲ್ಲವೇ 5 ಗಿಗಾಹರ್ಟ್ಸ್‌ನಲ್ಲಿ. 2.4ರ ಅಲೆ ಗೋಡೆಗಳನ್ನು ತಕ್ಕಮಟ್ಟಿಗೆ ದಾಟುತ್ತದೆ. ಆದರೆ ಅದೇ ಹಾದಿಯಲ್ಲಿ ಇಡೀ ಕಟ್ಟಡದ ವೈಫೈ, ಬ್ಲೂಟೂತ್ ಸಾಧನಗಳು, ಕೊನೆಗೆ ಮೈಕ್ರೊವೇವ್ ಒಲೆ ಕೂಡ ಓಡಾಡುತ್ತವೆ. ಆ ಹಾದಿಯ ಓಣಿಗಳಿಗೆ ಚಾನೆಲ್ ಎಂದು ಹೆಸರು. ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಅಲ್ಲಿ 1, 6, 11 ಎಂಬ ಮೂರೇ. 5ರ ಅಲೆಗೆ ಜಾಗ ಹೆಚ್ಚು, ವೇಗ ಹೆಚ್ಚು, ಆದರೆ ಗೋಡೆ ಕಂಡರೆ ಸುಸ್ತಾಗುತ್ತದೆ.

"ಹಾಗಾದರೆ ನನ್ನ ನೆಟ್ಟನ್ನು ತಿನ್ನುತ್ತಿರುವುದು ಈ ಡಾಕ್ಟರಮ್ಮನ ವೈಫೈ!" ವಕೀಲರಿಗೆ ಕೊನೆಗೂ ಒಬ್ಬ ಪ್ರತಿವಾದಿ ಸಿಕ್ಕಿದ್ದರು.

"ನನ್ನದು ವೈಫೈ ಅಲ್ಲ, ತಂತಿ. ಕಂಪ್ಯೂಟರಿಗೇ ಚುಚ್ಚಿದ್ದೇನೆ" ಎಂದು ಅವರು ಶಾಂತವಾಗಿ ಉತ್ತರಿಸಿದರು. "ಬೆಳಗಿನ ಜಾವ ಐದಕ್ಕೆ ಎದ್ದು ಎಲ್ಲ ಕೆಲಸ ಮುಗಿಸುತ್ತೇನೆ. ಆಗ ಹೇಗೆ ಓಡುತ್ತದೆ ಗೊತ್ತೇ!"

"ಗೊತ್ತು" ಎಂದ ಇಂಜಿನಿಯರ್. "ನೀವು ಕಂಪನಿಯನ್ನು ಹೊಗಳುತ್ತಿಲ್ಲ ಡಾಕ್ಟರೇ, ಬೆಳಗಿನ ಐದು ಗಂಟೆಯನ್ನು ಹೊಗಳುತ್ತಿದ್ದೀರಿ." ಮನೆ ಮನೆಗೂ ಪ್ರತ್ಯೇಕ ತಂತಿ ಬಂದಂತೆ ಕಂಡರೂ ಎಲ್ಲೋ ಒಂದು ಕಡೆ ಎಲ್ಲವೂ ಒಂದೇ ಕೊಳವೆಗೆ ಸೇರುತ್ತವೆ. ಎಲ್ಲರೂ ಒಟ್ಟಿಗೆ ಬಳಸುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಕಂಪನಿಗಳು ಅದನ್ನು ಹಂಚುತ್ತವೆ. ರಾತ್ರಿ ಎಂಟರಿಂದ ಹನ್ನೊಂದರ ನಡುವೆ ಎಲ್ಲರೂ ಸಿನಿಮಾ ನೋಡಲು ಕುಳಿತಾಗ ಆ ನಂಬಿಕೆ ಕುಸಿಯುತ್ತದೆ. ಡಾಕ್ಟರಮ್ಮ ರಾತ್ರಿ ಹೊತ್ತು ನೆಟ್ ಮುಟ್ಟುವುದು ನಮ್ಮ ಹರಟೆಗೆ ಮಾತ್ರ. ಅದಕ್ಕೆ ಸೆಕೆಂಡಿಗೆ ನಾಲ್ಕೈದು ಮೆಗಾಬಿಟ್ ಸಾಕು, ನಮ್ಮ ಮಾತಿನ ತೂಕಕ್ಕೆ ಅದೂ ಹೆಚ್ಚೇ.

ಇಷ್ಟರಲ್ಲಿ ಮೇಷ್ಟರು ಕೆಮ್ಮಿದರು. ಅವರ ಚಿತ್ರ ಸದಾ ಚೌಕ ಚೌಕವಾಗಿ ಒಡೆದಿರುತ್ತದೆ, ಹೀಗಾಗಿ ಅವರು ಬೋಳಿಸಿಕೊಂಡಿದ್ದಾರೋ ಗಡ್ಡ ಬಿಟ್ಟಿದ್ದಾರೋ ನಮಗೆ ತಿಳಿಯದು. ಅವರ ಮನೆಗೆ ಬರುವುದು ಹಳೆಯ ದೂರವಾಣಿಯ ತಾಮ್ರದ ತಂತಿ. ಕಾಗದದ ಮೇಲೆ ಅವರ ಬಗೆಯ ಹಳೆಯ ಸಂಪರ್ಕಕ್ಕೆ 24 ಮೆಗಾಬಿಟ್ ಗರಿಷ್ಠ. ಅದು ವಿನಿಮಯ ಕೇಂದ್ರದ ಪಕ್ಕದಲ್ಲೇ ಮನೆ ಕಟ್ಟಿಕೊಂಡ ಪುಣ್ಯವಂತರಿಗೆ. ಐದಾರು ಕಿಲೋಮೀಟರ್ ಆಚೆಗೆ ಒಂದೋ ಎರಡೋ ಉಳಿಯುತ್ತದೆ. ಮಳೆ ಬಂದು ತಂತಿಯ ಜೋಡಣೆಗಳಿಗೆ ನೀರಿಳಿದರೆ ಅದೂ ಇಲ್ಲ.

"ನನಗೆ ಸಿಗುವುದು ಎರಡು ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್, ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಕಾಲು ಮೆಗಾಬೈಟ್" ಎಂದರು ಮೇಷ್ಟರು. ಭಾಗಾಕಾರ ಸರಿಯಾಗಿದ್ದರೆ ಅವರಿಗೆ ಯಾವ ಕಷ್ಟವೂ ಕಷ್ಟವಲ್ಲ.

"ಪಾರಿವಾಳ ಸಾಕಿಕೊಳ್ಳಿ" ಎಂದ ಕವಿ.

ಎಲ್ಲರೂ ನಕ್ಕರು, ಅವನು ನಗಲಿಲ್ಲ. 2009ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನಿಧಾನದ ನೆಟ್ಟಿನಿಂದ ಬೇಸತ್ತ ಕಂಪನಿಯೊಂದು ನಿಜವಾಗಿಯೂ ಈ ಪಂದ್ಯ ನಡೆಸಿತ್ತು. ವಿನ್‌ಸ್ಟನ್ ಎಂಬ ಪಾರಿವಾಳದ ಕಾಲಿಗೆ 4 ಗಿಗಾಬೈಟ್ ಮಾಹಿತಿಯ ಪುಟ್ಟ ಕಾರ್ಡು ಕಟ್ಟಿ ಹಾರಿಬಿಟ್ಟರು, ಅದೇ ಮಾಹಿತಿಯನ್ನು ತಂತಿಯಲ್ಲೂ ಕಳುಹಿಸತೊಡಗಿದರು. ಹಾರಾಟಕ್ಕೆ ಒಂದು ಗಂಟೆಗಿಂತ ತುಸು ಹೆಚ್ಚು, ಕಾರ್ಡಿನಿಂದ ಕಂಪ್ಯೂಟರಿಗೆ ಇಳಿಸುವುದೂ ಸೇರಿ ಒಟ್ಟು ಎರಡು ಗಂಟೆ ಏಳು ನಿಮಿಷ. ಅಷ್ಟರಲ್ಲಿ ತಂತಿ ಸಾಗಿಸಿದ್ದು ನೂರರಲ್ಲಿ ನಾಲ್ಕು ಪಾಲು.

ಮೇಷ್ಟರು ಆಗಲೇ ಪೆನ್ನು ಹಿಡಿದಿದ್ದರು. "ಮೂವತ್ತೆರಡು ಸಾವಿರ ಮೆಗಾಬಿಟ್, ಏಳು ಸಾವಿರದ ಆರುನೂರ ಇಪ್ಪತ್ತು ಸೆಕೆಂಡು. ಪಾರಿವಾಳದ ವೇಗ 4.2 ಮೆಗಾಬಿಟ್. ನನ್ನ ಎರಡರಷ್ಟು!" ಅವರ ದನಿಯಲ್ಲಿ ಹೊಟ್ಟೆಕಿಚ್ಚಿರಲಿಲ್ಲ, ಲೆಕ್ಕ ತಾಳೆಯಾದ ಸಂತೋಷವಿತ್ತು.

"ಆದರೆ ನೀವು 'ನಮಸ್ಕಾರ' ಎಂದರೆ ನಮಗೆ ಮುಟ್ಟುವುದು ಎರಡು ಗಂಟೆಯ ಮೇಲೆ" ಎಂದು ಇಂಜಿನಿಯರ್ ತಡೆದ. ಒಂದು ಸಲಕ್ಕೆ ಎಷ್ಟು ಹೊರಬಹುದು ಎಂಬುದು ಬೇರೆ, ಹೊರಟದ್ದು ಎಷ್ಟು ಬೇಗ ತಲುಪುತ್ತದೆ ಎಂಬುದು ಬೇರೆ. ಸಿನಿಮಾಕ್ಕೆ ಮೊದಲನೆಯದು ಮುಖ್ಯ, ಹರಟೆಗೆ ಎರಡನೆಯದು. ಅದಕ್ಕೂ ಪಾರಿವಾಳದ ಸಾಕ್ಷ್ಯವಿದೆ. ಹಕ್ಕಿಗಳ ಮೂಲಕ ಇಂಟರ್‌ನೆಟ್ ನಡೆಸುವ ಒಂದು ತಾಂತ್ರಿಕ ನಿಯಮಾವಳಿಯನ್ನು 1990ರ ಏಪ್ರಿಲ್ 1ರಂದು ತಮಾಷೆಗೆಂದು ಪ್ರಕಟಿಸಿದ್ದರು. 2001ರಲ್ಲಿ ನಾರ್ವೆಯ ಬೆರ್ಗೆನ್ ನಗರದ ಉತ್ಸಾಹಿಗಳು ಅದನ್ನು ಅಕ್ಷರಶಃ ಜಾರಿಗೆ ತಂದರು. ಒಂಬತ್ತು ಪ್ರಶ್ನೆ ಕಳುಹಿಸಿದರೆ ನಾಲ್ಕಕ್ಕೆ ಉತ್ತರ ಬಂತು, ಬೇಗ ಬಂದ ಉತ್ತರಕ್ಕೂ ಮುಕ್ಕಾಲು ಗಂಟೆ ಮೀರಿತ್ತು.

"ಗ್ರಾಹಕ ಸೇವಾ ಕೇಂದ್ರಕ್ಕಿಂತ ವಾಸಿ" ಎಂದರು ವಕೀಲರು.

ಅಲ್ಲಿಂದ ಮಾತು ಸೇವಾ ಕೇಂದ್ರಕ್ಕೆ ಹೊರಳಿತು. ಅಲ್ಲಿ ಎಲ್ಲ ರೋಗಕ್ಕೂ ಒಂದೇ ಔಷಧ: ರೂಟರ್ ಆರಿಸಿ, ಮತ್ತೆ ಹಚ್ಚಿ. ವಕೀಲರಿಗೆ ಇದು ಅವಮಾನ. ಇಂಜಿನಿಯರ್ ಮಾತ್ರ ಆ ಔಷಧದ ಪರ ನಿಂತ. ಮರುಚಾಲನೆಯಾದಾಗ ರೂಟರ್ ಸಿಕ್ಕಿಕೊಂಡಿದ್ದ ಹಳೆಯ ಸಂಪರ್ಕಗಳನ್ನು ಕೊಡವುತ್ತದೆ, ಕಡಿಮೆ ಗದ್ದಲದ ಚಾನೆಲ್ ಹುಡುಕಿಕೊಳ್ಳಬಹುದು, ತಾಮ್ರದ ತಂತಿಯಾದರೆ ವೇಗವನ್ನು ಹೊಸದಾಗಿ ಮಾತನಾಡಿಕೊಳ್ಳುತ್ತದೆ. ಡಾಕ್ಟರಮ್ಮ ಇದನ್ನು ಒಪ್ಪಿ ತಲೆದೂಗಿದರು. ವಿಶ್ರಾಂತಿ ಬರೆದುಕೊಟ್ಟ ಅನುಭವ ಅವರಿಗೂ ಸಾಕಷ್ಟಿದೆ.

ದೂರು ಮುಗಿದ ಮೇಲೆ ಹತ್ತಕ್ಕೆ ಎಷ್ಟು ಅಂಕ ಎಂದು ಕೇಳುತ್ತಾರಲ್ಲ, ಅಲ್ಲಿಯೂ ಇದೇ ಕಥೆ. ಡಾಕ್ಟರಮ್ಮ ಹಿಂದಿನ ಕಂಪನಿಗೆ ಒಮ್ಮೆ ಹತ್ತು ಕೊಟ್ಟರಂತೆ. ನೆಟ್ ಸರಿಹೋಗಿರಲಿಲ್ಲ, ಆದರೆ ಬಂದ ಹುಡುಗ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಿದ್ದ. ವಕೀಲರು ಸೊನ್ನೆ ಕೊಟ್ಟರಂತೆ. ನೆಟ್ ಸರಿಹೋಗಿತ್ತು, ಆದರೆ ಅವರ ವಾದವನ್ನು ಪೂರ್ತಿ ಕೇಳಲು ಆ ಹುಡುಗನಿಗೆ ಪುರುಸೊತ್ತಿರಲಿಲ್ಲ. ಇಂಥ ಅಂಕಗಳನ್ನು ಕೂಡಿಸಿ ಭಾಗಿಸಿ "ನಮ್ಮ ಗ್ರಾಹಕರು ನಮಗೆ ಐದು ಕೊಟ್ಟಿದ್ದಾರೆ" ಎಂದು ಕಂಪನಿ ಹೇಳಿಕೊಂಡರೆ ಮೇಷ್ಟರಿಗೂ ತಪ್ಪು ಹುಡುಕಲಾಗದು.

"ಏನೇ ಹೇಳಿ, ನಾನು ಕಂಪನಿ ಬದಲಿಸುವವನೇ" ಎಂದರು ವಕೀಲರು.

"ಬದಲಿಸಿ. ಹಲವು ಕಡೆ ಹೊಸ ಕಂಪನಿಯೂ ಅದೇ ನೆಲದಡಿಯ ಕೇಬಲ್ಲನ್ನೇ ಬಾಡಿಗೆಗೆ ಪಡೆದಿರುತ್ತದೆ. ಬಿಲ್ಲಿನ ಬಣ್ಣ ಬೇರೆ ಆಗುತ್ತದೆ, ಅಷ್ಟೇ" ಎಂದ ಇಂಜಿನಿಯರ್. ತಪ್ಪು ಎಲ್ಲಿರಬಹುದು ಎಂಬುದಕ್ಕೆ ಅವನ ಬಳಿ ಇನ್ನೊಂದು ಅಸ್ತ್ರವಿತ್ತು. ವೇಲ್ಸ್‌ನ ಅಬರ್‌ಹೋಸನ್ ಎಂಬ ಹಳ್ಳಿಯಲ್ಲಿ ಹದಿನೆಂಟು ತಿಂಗಳು ಪ್ರತಿದಿನ ಬೆಳಗ್ಗೆ ಏಳಕ್ಕೆ ಇಡೀ ಊರಿನ ಬ್ರಾಡ್‌ಬ್ಯಾಂಡ್ ಕುಸಿಯುತ್ತಿತ್ತು. ಕೇಬಲ್ ಬದಲಿಸಿದರೂ ಗುಣವಿಲ್ಲ. 2020ರಲ್ಲಿ ಕಾರಣ ಸಿಕ್ಕಿತು: ಒಂದು ಮನೆಯ ಹಳೆಯ ಟಿವಿ. ಅದನ್ನು ಹಚ್ಚಿದೊಡನೆ ಹೊಮ್ಮುತ್ತಿದ್ದ ವಿದ್ಯುತ್ ಗದ್ದಲ ಊರಿನ ತಂತಿಗಳನ್ನೆಲ್ಲ ಕೆಡಿಸುತ್ತಿತ್ತು. ವಿಷಯ ತಿಳಿದು ನೊಂದ ಯಜಮಾನರು ಟಿವಿ ಆರಿಸಿದರು. ಹದಿನೆಂಟು ತಿಂಗಳು ಕಂಪನಿಗೆ ಬೈದ ಊರಿನವರು ಬೈಗುಳಗಳನ್ನು ಹಿಂದಕ್ಕೆ ಪಡೆದರೋ ಇಲ್ಲವೋ ಎಂದು ವಕೀಲರು ಕೇಳಲಿಲ್ಲ. ತಮ್ಮ ಟಿವಿಯತ್ತ ಒಮ್ಮೆ ಓರೆಗಣ್ಣಿನಲ್ಲಿ ನೋಡಿದರು.

"ಮಾತು ಸಾಕು, ಅಳೆದೇ ಬಿಡೋಣ. ಎಲ್ಲರೂ ಈಗಲೇ ಸ್ಪೀಡ್ ಟೆಸ್ಟ್ ನಡೆಸಿ" ಎಂದರು ಮೇಷ್ಟರು.

ಇಂಜಿನಿಯರ್ ಗಾಬರಿಯಾದ. ಆ ಪರೀಕ್ಷೆ ಸಾಮಾನ್ಯವಾಗಿ ಹತ್ತಿರದ ಸರ್ವರ್ ಹಿಡಿದು ಹಿಗ್ಗಿದ ಅಂಕಿ ತೋರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ ಅದು ತಂತಿಯ ಕಂಠದವರೆಗೆ ಮಾಹಿತಿ ತುಂಬಿ ಅಳೆಯುವ ಕ್ರಮ, ನಮ್ಮ ಮಾತು ಆ ಸಾಲಿನ ಹಿಂದೆ ಕಾಯಬೇಕಾಗುತ್ತದೆ. "ಬೇಡ, ಒಬ್ಬೊಬ್ಬರಾಗಿ" ಎಂದು ಅವನು ಕೂಗುತ್ತಿದ್ದ. ಕಂಪನಿಗಳ ಪರ ವಕಾಲತ್ತು ಸಾಕು ಎಂದು ವಕೀಲರು ಗದರಿದರು. ಮೇಷ್ಟರು ತರಗತಿಯ ದನಿಯಲ್ಲಿ ಒಂದು, ಎರಡು, ಮೂರು ಎಂದರು. ಕವಿಯೊಬ್ಬನನ್ನು ಬಿಟ್ಟು ಎಲ್ಲರೂ ಗುಂಡಿ ಒತ್ತಿದೆವು. ಇಂಜಿನಿಯರ್ ಕೂಡ ಒತ್ತಿದ, ತನ್ನದೇ ಹೆಚ್ಚೆಂದು ತೋರಿಸುವ ಆಸೆ ಯಾರನ್ನು ಬಿಟ್ಟಿದೆ?

ಮುಂದೆ ನಡೆದದ್ದನ್ನು ಮರುದಿನ ಕವಿಯೇ ಹೇಳಿದ. ಪರದೆಯ ಮೇಲೆ ಐದೂ ಮುಖಗಳು ಬಾಯಿ ತೆರೆದುಕೊಂಡು ನಿಂತುಹೋಗಿದ್ದವು. ಅವನು ಹಾಳೆ ಬಿಡಿಸಿ ಕವನವನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಯಾರೂ ಎದ್ದು ಹೋಗಲಿಲ್ಲ, ಆಕಳಿಸಲಿಲ್ಲ, ಕೇಳಿಸುತ್ತಿಲ್ಲ ಎನ್ನಲಿಲ್ಲ. ಇಷ್ಟು ತಲ್ಲೀನರಾದ ಶ್ರೋತೃಗಳು ಸಿಗುವುದು ಅಪರೂಪವೆಂದು ಎರಡನೆಯ ಕವನವನ್ನೂ ಓದಿದನಂತೆ.