ಪದಚರ್ಚೆ: ಕಾಂಕ್ರೀಟಿನ ಎಲ್ಲ ಕೊಳೆಗೂ ‘ಕಲೆ’ ಎಂದರೆ ಸಾಕೇ?

ಬಳಗದವರಿಗೆ ನಮಸ್ಕಾರ.

ಕೊಪ್ಪ, ಶೃಂಗೇರಿ ಕಡೆಯ ತೋಟದ ಮನೆಗಳ ಕೆಲಸದವರಿಗಾಗಿ ಕಾಂಕ್ರೀಟ್ ಕಾಲುದಾರಿ ತೊಳೆಯುವ ಸೂಚನಾಪತ್ರವೊಂದು ಸಿದ್ಧವಾಗುತ್ತಿದೆ. ಕರಡಿನಲ್ಲಿ ಎಲ್ಲದಕ್ಕೂ ‘ಕಲೆ’ ಎಂದೇ ಇದೆ. ಹೀಗಾದರೆ ಕೈ ತಪ್ಪು ಡಬ್ಬಕ್ಕೆ ಹೋಗುತ್ತದೆ.

ಹಸಿರಾಗಿ ಜಾರುವುದು ಪಾಚಿ. ಅದಕ್ಕೆ ಒಂದು ಪಾಲು ಬ್ಲೀಚ್ ದ್ರಾವಣ, ಹತ್ತು ಪಾಲು ನೀರು. 10–15 ನಿಮಿಷ ಬಿಟ್ಟು ಗಟ್ಟಿ ಬ್ರಶ್ಶಿನಲ್ಲಿ ಉಜ್ಜಬೇಕು. ಅಂಚಿನ ಗಿಡಗಳಿಗೆ ಮೊದಲೂ ಆಮೇಲೂ ಧಾರಾಳವಾಗಿ ನೀರು ಹೊಯ್ಯಬೇಕು. ಎಣ್ಣೆಯದು ಜಿಡ್ಡು, ಅದಕ್ಕೆ ವಾಷಿಂಗ್ ಸೋಡಾ ಮತ್ತು ಬಿಸಿನೀರು. ಇಷ್ಟರಲ್ಲಿ ಗೊಂದಲವಿಲ್ಲ.

ತೊಡಕಿರುವುದು ತುಕ್ಕು, ಚೊಗರು (ಅಡಿಕೆ ಬೇಯಿಸಿದ ಕಂದು ನೀರು) ಇವುಗಳಲ್ಲಿ. ಗೇಟಿನ ಬುಡದ ತುಕ್ಕಿಗೆ ಬ್ಲೀಚ್ ಹಾಕಿದರೆ ಹೋಗುವುದಿಲ್ಲ, ಬಣ್ಣ ಇನ್ನಷ್ಟು ಗಾಢವಾಗಬಹುದು. ಲೀಟರ್ ನೀರಿಗೆ 100 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳು ಬೇಕು. ಅದು ವಿಷ, ಕೈಗವಸು ಕಡ್ಡಾಯ. ಚೊಗರು ಚೆಲ್ಲಿದರೆ ಕಂದು, ಅದು ಬ್ಲೀಚಿಗೆ ತಿಳಿಯಾಗುತ್ತದೆ. ಅದೇ ಚೊಗರು ಕಬ್ಬಿಣದ ಡ್ರಮ್ಮಿನ ಅಡಿಗೆ ಹರಿದರೆ ಅದರ ಟ್ಯಾನಿನ್ (ಒಗರಿನ ಅಂಶ) ಕಬ್ಬಿಣದೊಡನೆ ಸೇರಿ ಮಸಿಯಂತೆ ಕಪ್ಪಾಗುತ್ತದೆ. ಈ ಕಪ್ಪಿಗೂ ಆಕ್ಸಾಲಿಕ್ ಆಮ್ಲವೇ ಮದ್ದು. ಬ್ಲೀಚ್ ಹಾಕಿದರೆ ಕಪ್ಪು ಹೋಗಿ ತುಕ್ಕು ಉಳಿಯುತ್ತದೆ. ಬ್ಲೀಚ್, ಆಮ್ಲ ಎರಡನ್ನೂ ಒಂದರ ಮೇಲೊಂದು ಸುರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ.

ಈ ಕಪ್ಪಿಗೆ ‘ಚೊಗರುಗಪ್ಪು’ ಎನ್ನಬಹುದೇ? ಹೈಡ್ರೋಕ್ಲೋರಿಕ್ ಆಸಿಡ್ ಕಾಂಕ್ರೀಟಿಗೆ ಮಾಡುವ ಹಾನಿಗೆ ‘ಸುಡು’ ಸರಿಯೇ, ‘ತಿನ್ನು’ ಸರಿಯೇ?

ಉತ್ತರ:

ಹೊಸ ಸಮಾಸ ಯಾಕೆ ಸ್ವಾಮಿ? ಬಾಳೆಕಾಯಿ ಕರೆ, ಅಡಿಕೆ ಕರೆ ಎಂಬ ಬಳಕೆ ಇದ್ದೇ ಇದೆ. ‘ಕಂದು ಕರೆ’, ‘ಕಪ್ಪು ಕರೆ’ ಎಂದು ಬರೆಯಿರಿ, ಮದ್ದೂ ಬೇರೆಯೆಂದು ತಾನೇ ತಿಳಿಯುತ್ತದೆ. ಕೂಗುವ ‘ಕರೆ’ಯೊಡನೆ ಇಲ್ಲಿ ಯಾರೂ ಗಲಿಬಿಲಿಯಾಗುವುದಿಲ್ಲ.

‘ಸುಡು’ ಬೇಡ. ಓದುವವರು ಕಪ್ಪಾಗುವುದೆಂದುಕೊಳ್ಳುತ್ತಾರೆ. ಆಗುವುದು ಬೇರೆ: ಹೈಡ್ರೋಕ್ಲೋರಿಕ್ ಆಸಿಡ್ ಮೇಲ್ಪದರದ ಸಿಮೆಂಟನ್ನು ಕರಗಿಸುತ್ತದೆ, ಮರಳು ಏಳುತ್ತದೆ, ಆ ಒರಟು ಮೈಗೆ ಮುಂದಿನ ಮಳೆಗಾಲದಲ್ಲಿ ಪಾಚಿ ಇನ್ನೂ ಬೇಗ ಹಿಡಿಯುತ್ತದೆ. ‘ತಿನ್ನು’ ಎಂಬುದೇ ಸರಿ. ಪಕ್ಕದ ಮೆಟ್ಟಿಲು ಕಡಪ ಕಲ್ಲಿನದಾದರೆ ಅದನ್ನೂ ತಿನ್ನುತ್ತದೆ, ಕಡಪ ಸುಣ್ಣಕಲ್ಲೇ ತಾನೆ. ಆಕ್ಸಾಲಿಕ್ ಆಮ್ಲ ತಾಗಿದರೂ ಅದರ ಹೊಳಪು ಹೋಗುತ್ತದೆ. ರೆಡ್ ಆಕ್ಸೈಡ್ ಜಗಲಿಯೂ ಸಿಮೆಂಟೇ. ಹಾಗಾಗಿ ಕರಡಿನ ‘ಜಾಗ್ರತೆ ವಹಿಸಿ’ ಎಂಬ ಸಡಿಲ ಮಾತು ತೆಗೆದು, ‘ಜಗಲಿ, ಮೆಟ್ಟಿಲಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಟೇಪು ಅಂಟಿಸಿ, ಮೊದಲು ಮೂಲೆಯಲ್ಲಿ ಅಂಗೈಯಗಲ ಹಚ್ಚಿ ನೋಡಿ’ ಎಂದೇ ಬರೆಯಿರಿ.

ಇನ್ನೊಂದು, ನೀವು ಕೇಳದಿದ್ದರೂ: ಆಮ್ಲ ಹಚ್ಚುವ ಮುಂಚೆ ಕಾಂಕ್ರೀಟನ್ನು ‘ಒದ್ದೆ ಮಾಡಿ’ ಎಂದರೆ ಚೊಂಬು ನೀರು ಚಿಮುಕಿಸಿ ಮುಗಿಸುತ್ತಾರೆ. ‘ನೆನೆಸಿ’ ಎನ್ನಿ. ರಂಧ್ರಗಳು ನೀರು ಕುಡಿದು ತುಂಬಿದ್ದರೆ ಆಮ್ಲ ಆಳಕ್ಕೆ ಇಳಿಯದೆ ಮೇಲಿನ ಕರೆಯಲ್ಲೇ ಕೆಲಸ ಮಾಡುತ್ತದೆ. ನಿಂತ ನೀರನ್ನು ಮಾತ್ರ ಗುಡಿಸಿ ತೆಗೆಯಬೇಕು, ಇಲ್ಲದಿದ್ದರೆ ದ್ರಾವಣ ತೆಳುವಾಗುತ್ತದೆ.