ಶರಣಬಸವೇಶ್ವರ ಜಾತ್ರೆ ಚಿತ್ರಕ್ಕ ವಿಲ್ಕಿ ವಿಧಾನ: ಮಂದಿ ಗುಂಪು ಹ್ಯಾಂಗ ಕಟ್ಟಬೇಕು? ಬಿಟುಮೆನ್ ನಡೀತದಾ?

ತೇರಿನ ಬೀದಿ, ಕಲಬುರಗಿ:
ಶರಣಬಸವೇಶ್ವರ ರಥೋತ್ಸವದ ತೈಲಚಿತ್ರ ಮಾಡಬೇಕಂತ ಅದ, ಕ್ಯಾನ್ವಾಸ್ 4 ಅಡಿ × 2.5 ಅಡಿ. ಮಾದರಿಗೆ ಸ್ಕಾಟ್ಲೆಂಡಿನ ಡೇವಿಡ್ ವಿಲ್ಕಿಯ ‘ಪಿಟ್ಲೆಸಿ ಫೇರ್’ ಇಟ್ಕೊಂಡೀನಿ. ಅದರಾಗ ಸುಮಾರು 140 ಮಂದಿ ಇದ್ರೂ ಒಬ್ಬೊಬ್ಬರೂ ಬ್ಯಾರೆ ಬ್ಯಾರೆ ಕಾಣ್ತಾರ. ನನ್ನ ಕಚ್ಚಾ ರೇಖೆಯಾಗ 60 ಮಂದಿಗೇ ತಲಿಗಳ ಗ್ವಾಡಿ ಆಗ್ಯಾದ. ಇನ್ನೊಂದು, ವಿಲ್ಕಿಯ ಕಡೀ ಕಾಲದ ಚಿತ್ರದಾಗಿನ ಆಳವಾದ ಕಂದು ನೆರಳು ಡಾಂಬರಿನಂಥ ಬಣ್ಣ ಬಿಟುಮೆನ್‌ದು ಅಂತಾರ. ಅದನ್ನ ಬಳಸಬಹುದೇನ್ರಿ?

ಮಸಿಕುಂಚ:
ಗೋಡೆ ಆಗಿದ್ದು ಮಂದಿ ಹೆಚ್ಚಾಗಿ ಅಲ್ಲ, ನೀವು ನಿಂತ ಜಾಗದಿಂದ. ನೆಲದ ಮೇಲೆ ನಿಂತು ಬರೆದರೆ ಕ್ಷಿತಿಜ ರೇಖೆ ನಿಮ್ಮ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಹತ್ತಿರದವರು, ದೂರದವರು, ಎಲ್ಲರ ತಲೆಯೂ ಅದೇ ಗೆರೆಗೆ ಸೇರಿಕೊಳ್ಳುತ್ತದೆ. ಕಟ್ಟೆ ಹತ್ತಿ ನೋಡಿದಂತೆ, ಕಣ್ಣು ನೆಲದಿಂದ 9 ಅಡಿ ಮೇಲಿದೆ ಎಂದುಕೊಂಡು ಬರೆಯಿರಿ. ಆಗ ಐದೂವರೆ ಅಡಿ ಆಳು ಎಲ್ಲೇ ನಿಂತಿರಲಿ, ಅವನ ಪಾದದಿಂದ ಕ್ಷಿತಿಜ ರೇಖೆವರೆಗಿನ ಅಂತರದ ಐದರಲ್ಲಿ ಸುಮಾರು ಮೂರು ಪಾಲು ಎತ್ತರ ಬರುತ್ತಾನೆ. ಇದೊಂದು ಲೆಕ್ಕ ತಪ್ಪದಿದ್ದರೆ ಹಿಂದಿನ ಸಾಲಿನವರು ದೈತ್ಯರಾಗುವುದಿಲ್ಲ.

ಆಮೇಲೆ, 60 ಮಂದಿಯನ್ನು 60 ಅಂತ ಎಣಿಸಬೇಡಿ. ನಾಲ್ಕರಿಂದ ಏಳು ಜನರ ಹತ್ತು ಗುಂಪು ಮಾಡಿ, ಗುಂಪಿಗೊಂದೇ ಕೆಲಸ ಕೊಡಿ: ತೇರಿಗೆ ಬಾಳೆಹಣ್ಣು, ಉತ್ತತ್ತಿ ಎಸೆಯುವವರು, ಬಳೆ ಇಡಿಸಿಕೊಳ್ಳುವವರು, ಬೆಂಡು ಬತ್ತಾಸಿಗೆ ಹಟ ಹಿಡಿದ ಮಗು. ಎಸೆಯುವ ಕೈಗಳೇ ನೋಡುವವರ ಕಣ್ಣನ್ನು ತೇರಿಗೆ ಒಯ್ಯುತ್ತವೆ. ವಿಲ್ಕಿಯ ‘ಚೆಲ್ಸಿ ಪೆನ್ಶನರ್ಸ್’ (1822) ನೋಡಿ: ವಾಟರ್ಲೂ ಗೆಲುವಿನ ಸುದ್ದಿ ಓದುವ ಮುದಿ ಸಿಪಾಯಿಯ ಸುತ್ತಲೇ ಇಡೀ ಬೀದಿ ತಿರುಗಿದೆ, ಆದರೂ ತಮ್ಮ ಪಾಡಿಗೆ ತಾವು ಇರುವವರು ಅಲ್ಲಲ್ಲಿ ಇದ್ದಾರೆ. ಎಲ್ಲರೂ ತೇರನ್ನೇ ನೋಡುತ್ತಿದ್ದರೆ ಅದು ಜಾತ್ರೆಯಾಗುವುದಿಲ್ಲ.

ಪಿಟ್ಲೆಸಿ 1804ರದು, ವಿಲ್ಕಿಗೆ ಆಗ ಹತ್ತೊಂಬತ್ತರ ಆಸುಪಾಸು. ಸುಮಾರು 2 ಅಡಿ × 3.6 ಅಡಿ, ನಿಮ್ಮದಕ್ಕಿಂತ ಚಿಕ್ಕದು. ತಂದೆ ಪಾದ್ರಿಯಾಗಿದ್ದ ಕಲ್ಟ್ಸ್ ಊರಿನ ಜನರನ್ನೇ ಒಬ್ಬೊಬ್ಬರಾಗಿ ಬರೆದುಕೊಂಡು ಆಮೇಲೆ ಜಾತ್ರೆಗೆ ತಂದರು. ಹಾಗಾಗಿ ಮೊದಲು ಬಿಡಿ ಬಿಡಿ ಮುಖ, ರುಮಾಲು, ಬೆನ್ನು ಬರೆಯಿರಿ. ಬೆನ್ನು ಮುಖ್ಯ, ಮುಂದಿನ ಸಾಲಲ್ಲಿ ಮೂರ್ನಾಲ್ಕು ಬೆನ್ನುಗಳಿದ್ದರೆ ಆಳ ತಾನಾಗಿ ಬರುತ್ತದೆ.

ಬಣ್ಣದಂಗಡಿ, ಬೀದರ್:
ಬಿಟುಮೆನ್ ಖಂಡಿತ ಬ್ಯಾಡ್ರಿ. ಅದು ಪೂರಾ ಒಣಗೋದೇ ಇಲ್ಲ. ಮೇಲಿನ ಪದರ ಒಣಗಿ ಬಿಗೀತದ, ಕೆಳಗಿಂದು ಮೆತ್ತಗೇ ಉಳೀತದ. ಮೇಲಿಂದು ಜರುಗಿ ಹರದು ಮೊಸಳಿ ಚರ್ಮದಂಗ ಆಗ್ತದ. ಶೆಕಿಗೆ ಇನ್ನಷ್ಟು ಮೆತ್ತಗ ಆಗ್ತದ, ನಮ್ಮ ಕಡಿ ಏಪ್ರಿಲ್-ಮೇ ಬಿಸಲು ನಿಮಗ ಗೊತ್ತೇ ಅದ. ವಿಲ್ಕಿ ‘ಬ್ಲೈಂಡ್ ಫಿಡ್ಲರ್’ (1806) ಕಾಲಕ್ಕ ಡಚ್ಚರಂಗ ಸಣ್ಣ ಕುಂಚದ ಕೆಲಸ ಮಾಡ್ತಿದ್ರು. 1825ರಿಂದ 1828ರ ತನಕ ಇಟಲಿ, ಸ್ಪೇನ್ ತಿರುಗಿ, ಸ್ಪೇನಿನ ಕಲಾವಿದರಾದ ವೆಲಾಸ್ಕೆಸ್, ಮುರಿಯೊ ಚಿತ್ರ ನೋಡಿ ಬಂದಮ್ಯಾಲೆ ಕುಂಚ ಅಗಲಾತು, ನೆರಳು ದಟ್ಟಾತು. ಬಿರುಕು ಬಿಟ್ಟಿದ್ದು ಹೆಚ್ಚಾಗಿ ಹಂಗ ತಿರುಗಿ ಬಂದಮ್ಯಾಲಿನ ಚಿತ್ರಗಳೇ.

ಅದೇ ಕಂದು ಬೇಕಂದ್ರ ಬರ್ನ್ಟ್ ಅಂಬರ್ (ಕಂದು) ಎರಡು ಪಾಲು, ಅಲ್ಟ್ರಾಮರೀನ್ (ನೀಲಿ) ಒಂದು ಪಾಲು. ಟ್ಯೂಬಿನ ಮ್ಯಾಲೆ ಅವುಗಳ ಬಣ್ಣದ ಗುರುತು ಪಿಬಿಆರ್ 7, ಪಿಬಿ 29 ಅಂತ ಇರ್ತದ. ಎನ್‌ಬಿಕೆ 6 ಅಂತ ಇದ್ರ ಅದು ಅಸಲಿ ಬಿಟುಮೆನ್, ತಗೋಬ್ಯಾಡ್ರಿ. ಮೊದಲ ಪದರಕ್ಕ ಟರ್ಪೆಂಟೈನ್ ಜಾಸ್ತಿ, ಮ್ಯಾಲ ಹೋದಂಗ ಅಗಸಿ ಎಣ್ಣಿ ಜಾಸ್ತಿ. ಉಲ್ಟಾ ಮಾಡಿದ್ರ ಬಿಟುಮೆನ್ ಇಲ್ಲದನೂ ಬಿರುಕು ಬೀಳ್ತದ. ಅಂಬರ್ ಒಣಗಿದಮ್ಯಾಲೆ ಮಂಕಾಗ್ತದ. ಅದಕ್ಕಂತ ಎಣ್ಣಿ ಸುರೀಬ್ಯಾಡ್ರಿ, ರಿಟಚ್ ವಾರ್ನಿಶ್ ತೆಳ್ಳಗ ಒಂದು ಕೈ ಸಾಕು. ಬಿಸಲಿಗಿಟ್ಟು ಒಣಗಿಸಿದ್ರ ಮ್ಯಾಲೆ ಕೆನಿಗಟ್ಟಿ ಸುಕ್ಕಾಗ್ತದ. ನೆರಳಿನಾಗ ಇಡ್ರಿ.

ಹಳೇಪುಟ:
ವಿಲ್ಕಿ ಹೆಸರು ಬಂದಾಗ ನಮ್ಮಲ್ಲಿ ಟಿಪ್ಪುವಿನ ಮೃತದೇಹ ಪತ್ತೆಯಾದದ್ದನ್ನು ತೋರಿಸುವ ಅವರ ಚಿತ್ರದ ಮಾತೂ ಬರುತ್ತದೆ. ಅದನ್ನು ಆ ಕಾಲದ ಉಡುಪಿಗೆ ಆಧಾರ ಮಾಡಿಕೊಳ್ಳಬೇಡಿ. ಟಿಪ್ಪು ಮಡಿದದ್ದು 4 ಮೇ 1799, ಚಿತ್ರ ಮುಗಿದದ್ದು 1839. ವಿಲ್ಕಿ ಭಾರತಕ್ಕೆ ಬಂದವರೇ ಅಲ್ಲ, ಬರೆಸಿದವರು ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್ ಅವರ ಹೆಂಡತಿ. ಬೇರ್ಡ್ 1780ರಿಂದ 1784ರವರೆಗೆ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದರು, ಅದಕ್ಕೇ ಚಿತ್ರದಲ್ಲಿ ಅವರ ಕಾಲ ಕೆಳಗೆ ಸೆರೆಮನೆಯ ಕಂಬಿ ಬರೆದಿದ್ದಾರೆ. ಅದು ಬೇರ್ಡ್ ಕಡೆಯ ಕಥೆ. ಕಲಿಯಬೇಕಾದ್ದು ಅದರ ಬೆಳಕು: ಒಂದು ಲಾಂದ್ರದ ಸುತ್ತ ಇಡೀ ಗುಂಪು ಕೂಡಿದೆ.

ತೇರಿನ ಬೀದಿ, ಕಲಬುರಗಿ:
ಭಾಳ ಉಪಯೋಗ ಆತ್ರಿ. ಹಂಗಾದ್ರ ಬೆಳಕು ಮೊದಲೇ ನೋಡಿಕೊಳ್ಳೋದು ಹ್ಯಾಂಗ?

ಮಸಿಕುಂಚ:
ವಿಲ್ಕಿ ಮಾಡಿದಂತೆಯೇ: ಪೆಟ್ಟಿಗೆಯೊಳಗೆ ಮಣ್ಣಿನ ಗೊಂಬೆ ನಿಲ್ಲಿಸಿ, ಒಂದು ಕಡೆಯಿಂದ ಬೆಳಕು ಬಿಟ್ಟು ನೋಡುವುದು. 2 ಅಡಿ ಅಗಲದ ರಟ್ಟಿನ ಪೆಟ್ಟಿಗೆ, 4 ಇಂಚಿನ ಗೊಂಬೆ, ಒಂದೇ ಟಾರ್ಚ್ ಸಾಕು. ಎರಡು ದೀಪ ಇಟ್ಟರೆ ನೆರಳು ಒಂದನ್ನೊಂದು ಅಳಿಸುತ್ತವೆ. ಹೊಲದ ಎರೆಮಣ್ಣು ಬೇಡ, ಒಣಗಿದರೆ ಸೀಳುತ್ತದೆ. ಕುಂಬಾರರ ಜೇಡಿಮಣ್ಣು ತನ್ನಿ. ಒಳಗೆ ತಂತಿ ಇಟ್ಟರೆ ಅದಕ್ಕೆ ಸೆಣಬಿನ ದಾರ ಸುತ್ತಿ, ಮಣ್ಣು ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ, ಬರಿ ತಂತಿಯ ಮೇಲೆ ಬಿರುಕು ಬರುತ್ತದೆ. ಧೋತರ, ಸೆರಗಿಗೆ ಹಳೆ ಮಲ್‌ಬಟ್ಟೆಯನ್ನು ತೆಳು ಮೈದಾ ಅಂಟಿನಲ್ಲಿ ಅದ್ದಿ ಹೊದಿಸಿ, ಮಡಿಕೆ ಹಾಗೇ ನಿಲ್ಲುತ್ತದೆ.

60 ಗೊಂಬೆ ಬೇಕಿಲ್ಲ. ಮುಂದಿನ ಎರಡು ಗುಂಪಿಗೆ ಹತ್ತು ಮಾಡಿ, ತೇರಿಗೆ ರಟ್ಟಿನ ಆಕಾರ ಕತ್ತರಿಸಿ ನಿಲ್ಲಿಸಿ. ಅದರ ನೆರಳು ಯಾರ ಮೇಲೆ ಬೀಳುತ್ತದೆ ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳಿ.